ಇನ್ನೊಂದ್ಸಲ ಹಾಕು

ಮೊನ್ನೆ ಭಾನುವಾರ ಊಟ ಆದ ಮೇಲೆ ಅಪ್ಪನಿಗೆ ಮೊಬೈಲಲ್ಲಿ ಹಳೇ ಕುದುರೆ ರೇಸುಗಳನ್ನು ತೋರಿಸುತ್ತಾ ಕೂತಿದ್ದೆ. ವಯಸ್ಸಲ್ಲಿ ಅಮ್ಮನಿಗೆ ಗೊತ್ತಾಗದ ಹಾಗೆ ರೇಸಿಗೆ ಹೋಗುತ್ತಿದ್ದ ಮನುಷ್ಯ. (ಅಮ್ಮನಿಗೆ ಗೊತ್ತಿತ್ತು, ಅದು ಬೇರೆ ವಿಷಯ.) ಒಂದಾದ ಮೇಲೊಂದು ನೋಡುತ್ತಾ ರಫಿಯನ್ ಅನ್ನೋ ಹೆಣ್ಣು ಕುದುರೆ ಸಿಕ್ಕಳು. ಸುಮ್ನೆ ಹಾಕಿದೆ. ಹಾಕಬಾರದಿತ್ತು.

ಅಮೆರಿಕದ ಕೆಂಟಕಿಯಲ್ಲಿ 1972ರಲ್ಲಿ ಹುಟ್ಟಿದವಳು, ಕಪ್ಪು ಅನ್ನುವಷ್ಟು ಗಾಢ ಕಂದು ಬಣ್ಣ. ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ಮೊದಲ ಓಟಕ್ಕೇ 15 ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಅಂತರದ ಗೆಲುವು. ಆಮೇಲೆ ಓಡಿದ್ದೆಲ್ಲಾ ಗೆದ್ದಳು, 10ಕ್ಕೆ 10. ಅಷ್ಟೂ ಓಟಗಳಲ್ಲಿ ದೂರ ಅಳೆಯುವ ಪ್ರತಿ ಕಂಬದ ಹತ್ತಿರವೂ ಅವಳೇ ಮುಂದೆ.

ಅಷ್ಟಕ್ಕೇ ಬಿಡಬಹುದಿತ್ತು ಅಲ್ವಾ? ಬಿಡಲಿಲ್ಲ. ಆ ವರ್ಷದ ಕೆಂಟಕಿ ಡರ್ಬಿ ಅನ್ನೋ ದೊಡ್ಡ ರೇಸ್ ಗೆದ್ದ ಗಂಡು ಕುದುರೆ ಫೂಲಿಶ್ ಪ್ಲೆಷರ್ ಜೊತೆ ಇವಳೊಬ್ಬಳನ್ನೇ ಓಡಿಸಿದರು, 1975ರ ಜುಲೈ 6ಕ್ಕೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನೋ ಜನರ ಜಗಳವನ್ನು ಪಾಪ ಕುದುರೆಗಳ ಬೆನ್ನಿಗೆ ಕಟ್ಟಿದ್ದು ನನಗಂತೂ ಅಸಹ್ಯ. ಎರಡನ್ನೂ ಸವಾರಿ ಮಾಡಿದ್ದ ಜಾಕಿ ಹಸಿಂಟೊ ವಾಸ್ಕೆಜ್ ಆವತ್ತು ಆರಿಸಿಕೊಂಡಿದ್ದು ಇವಳನ್ನೇ.

ವಿಡಿಯೋದಲ್ಲಿ ಎರಡೂ ಪಕ್ಕಪಕ್ಕದಲ್ಲಿ ಓಡುತ್ತಿವೆ, ಇವಳು ಸ್ವಲ್ಪ ಮುಂದೆ, ಇದ್ದಕ್ಕಿದ್ದ ಹಾಗೆ ಒಂದೇ ಕುದುರೆ ಕಾಣುತ್ತದೆ. ಬಲ ಮುಂಗಾಲಿನ ಗಂಟಿನ ಹಿಂದಿರುವ ಎರಡು ಪುಟ್ಟ ಮೂಳೆಗಳು ಮುರಿದಿದ್ದವು. ಜಾಕಿ ಲಗಾಮು ಎಳೆಯುತ್ತಿದ್ದಾನೆ, ಇವಳು ಮುರಿದ ಕಾಲಲ್ಲೇ ಓಡುತ್ತಿದ್ದಾಳೆ.

"ಇನ್ನೊಂದ್ಸಲ ಹಾಕು" ಅಂದರು ಅಪ್ಪ.

ಹಾಕಿದೆ. ಮತ್ತೆ ಹಾಕು ಅಂದರು. ನಾಲ್ಕನೇ ಸಲಕ್ಕೆ ನಾನೇ, "ಏನು ಛಲ ಅಲ್ವಾಪ್ಪ ಅವಳಿಗೆ" ಅಂದೆ. ಅಪ್ಪ ಕನ್ನಡಕ ತೆಗೆದು ಲುಂಗಿಗೆ ಒರೆಸಿಕೊಂಡರು. "ಛಲ ಅಂತ ಯಾಕಂತೀಯ? ಅದಕ್ಕೆ ನೋವಾಗಿದೆ, ಹೆದರಿದೆ. ಹೆದರಿದ ಕುದುರೆ ಇನ್ನೇನು ಮಾಡುತ್ತೆ, ಓಡುತ್ತೆ."

ವಾರವಿಡೀ ಆ ಮಾತು ತಲೆಯಲ್ಲಿ ಸುತ್ತುತ್ತಿದೆ. ಗಾಡಿ ಓಡಿಸುವಾಗ, ಕುಕ್ಕರ್ ಕೂಗುವಾಗ. ಜ್ವರದಲ್ಲೂ ಆಫೀಸಿಗೆ ಬಂದ ಹುಡುಗಿಯನ್ನು ನಾವು ಎಲ್ಲರೆದುರು ಹೊಗಳಿದ್ದೆವು, ಅವಳಿಗೆ ರಜೆ ಕೇಳೋಕೆ ಭಯ ಇತ್ತು ಅಂತ ಆಮೇಲೆ ಗೊತ್ತಾಯಿತು. ನಮ್ಮ ದೊಡ್ಡಮ್ಮ ಒಂದು ದಿನವೂ ಮಲಗಿದವರಲ್ಲ ಅಂತ ಈಗಲೂ ಹೆಮ್ಮೆಯಿಂದ ಹೇಳುತ್ತೇವೆ. ಮಲಗೋಕೆ ಬಿಟ್ಟವರು ಯಾರು?

ಆವತ್ತು ರಾತ್ರಿ ರಫಿಯನ್‌ಗೆ ಆಪರೇಷನ್ ಆಯಿತು. ಅರಿವಳಿಕೆಯ ಮತ್ತು ಇಳಿಯುತ್ತಿದ್ದ ಹಾಗೆ ಮಲಗಿದಲ್ಲೇ ಕಾಲು ಬಡಿಯತೊಡಗಿದಳು, ಓಡುತ್ತಿರುವ ಹಾಗೆ. ಕಾಲಿಗೆ ಕಟ್ಟಿದ್ದೆಲ್ಲಾ ಒಡೆದು ಹೋಯಿತು. ಕೊನೆಗೆ ಇಂಜೆಕ್ಷನ್ ಕೊಟ್ಟು ಮುಗಿಸಬೇಕಾಯಿತು. ಬೆಲ್ಮಾಂಟಿನಲ್ಲೇ ಹೂತರು, ಮೂತಿ ಗೆಲುವಿನ ಗೆರೆಯ ಕಡೆ ಇಟ್ಟು. ಗೌರವಕ್ಕೇ ಮಾಡಿದ್ದು, ಆದರೂ...

2023ರಲ್ಲಿ ಅಲ್ಲಿಂದ ತೆಗೆದು ಅವಳು ಹುಟ್ಟಿದ ಕ್ಲೇಬೋರ್ನ್ ಫಾರ್ಮಿಗೆ ಒಯ್ದರು. ನಿನ್ನೆ ಕಾಫಿ ಕುಡಿಯುವಾಗ ಅಪ್ಪನಿಗೆ ಇದನ್ನು ಹೇಳಿದೆ. ಲೋಟ ಕೆಳಗಿಟ್ಟು ಕೇಳಿದರು:

"ಅಲ್ಲಿ ಯಾವ ಕಡೆ ಮುಖ ಮಾಡಿ ಮಲಗಿಸಿದರಂತೆ?"