ಹಳೆಯ ಔಟ್‌ಬೋರ್ಡ್ ಬೋಟಿನಲ್ಲಿ ಕರೆಂಟ್ ಹೋದಾಗ: ಮೀಟರಿನ 12.6 ನಂಬಿ ಕೆಡಬೇಡಿ

ಕೀ ತಿರುಗಿಸಿದರೆ 'ಟಕ್' ಎಂದು ಒಂದೇ ಸದ್ದು. ಆಮೇಲೆ ಗೇಜು, ದೀಪ, ಹಾರ್ನು ಎಲ್ಲವೂ ಸ್ತಬ್ಧ. ಹತ್ತು ನಿಮಿಷ ಬಿಟ್ಟು ನೋಡಿದರೆ ದೀಪ ತಾನಾಗಿಯೇ ಉರಿಯುತ್ತಿರುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ಮಲಗಿ, ಸೀಸನ್ನಿಗೆ ನೀರಿಗಿಳಿದ ಹಳೆಯ ಫೈಬರ್ ಬೋಟುಗಳಲ್ಲಿ ನಮ್ಮ ಕರಾವಳಿಯ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ ದೂರು ಇದು. ಹಗ್ಗ ಎಳೆದು ಹೊರಡಿಸುವ ನಾಡದೋಣಿಯ ಸೀಮೆಎಣ್ಣೆ ಇಂಜಿನಿಗೆ ಈ ತಲೆನೋವಿಲ್ಲ. ಇಲ್ಲಿನ ಮಾತೆಲ್ಲ ಬೋಟಿನ ಹಿಂಬದಿಗೆ ಕಚ್ಚಿಸುವ, 12 ವೋಲ್ಟ್ ಸೆಲ್ಫ್ ಇರುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ಯಂತ್ರಗಳದು.

ಕೈ ಹಾಕುವ ಮುಂಚೆ ಪೆಟ್ರೋಲ್ ಟ್ಯಾಂಕಿನ ಜಾಗದ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಪೆಟ್ರೋಲ್ ಆವಿ ತಳದಲ್ಲೇ ನಿಲ್ಲುತ್ತದೆ, ಸಡಿಲ ಟರ್ಮಿನಲ್ ಕಿಡಿ ಹಾರಿಸುತ್ತದೆ.

ಬ್ಯಾಟರಿಯನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟು ಮಲ್ಟಿಮೀಟರಿನಲ್ಲಿ ಅಳೆದಾಗ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜು, 12.2ರ ಸುಮಾರಿಗಿದ್ದರೆ ಅರ್ಧ. ಎಡವುವುದು ಇಲ್ಲೇ. ಮೀಟರ್ ಕುಡಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಕೇಬಲ್ಲಿನೊಳಗೆ ಒಂದೇ ಎಳೆ ತಂತಿ ಉಳಿದಿದ್ದರೂ ಅದು 12.6 ತೋರಿಸುತ್ತದೆ. ಸೆಲ್ಫ್ ಮೋಟಾರಿಗೆ ಬೇಕಾಗುವುದು ನೂರರ ಆಸುಪಾಸಿನ ಆಂಪಿಯರ್. ಕಿಲುಬು ಹಿಡಿದ ಜಾಯಿಂಟಿನಲ್ಲಿ 0.05 ಓಮ್ ರೆಸಿಸ್ಟೆನ್ಸ್ ಇದ್ದರೆ ಸಾಕು, 100 ಆಂಪಿಯರ್ ಹರಿಯುವಾಗ ಅಲ್ಲೇ 5 ವೋಲ್ಟ್ ಕರಗಿಹೋಗುತ್ತದೆ. ಜಾಯಿಂಟು ಬಿಸಿಯಾಗಿ ಸಂಪರ್ಕ ಬಿಡುತ್ತದೆ, ತಣ್ಣಗಾದ ಮೇಲೆ ಮತ್ತೆ ತಾಗುತ್ತದೆ. ಹತ್ತು ನಿಮಿಷದಲ್ಲಿ ದೀಪ ಮರಳಿ ಬರುವುದರ ಗುಟ್ಟು ಇಷ್ಟೇ.

ಹಾಗಾಗಿ ಅಳತೆ ಏನಿದ್ದರೂ ಕೀ ತಿರುಗಿಸಿ ಹಿಡಿದಿರುವಾಗಲೇ ಆಗಬೇಕು. ಅದಕ್ಕೆ ಇಬ್ಬರು ಬೇಕು. ಮೊದಲು ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೇ ಒತ್ತಿ, ಕ್ಲಾಂಪಿನ ಮೇಲಲ್ಲ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯೇ ಸೋತಿದೆ, ಅಥವಾ ಸ್ಟಾರ್ಟರ್ ಬಿಗಿದುಕೊಂಡು ವಿಪರೀತ ಕರೆಂಟು ಎಳೆಯುತ್ತಿದೆ. 11ಕ್ಕಿಂತ ಮೇಲೇ ನಿಂತು, ಸ್ಟಾರ್ಟರ್ ಮಾತ್ರ ತಿಣುಕುತ್ತಿದ್ದರೆ ಬ್ಯಾಟರಿ ನಿರಪರಾಧಿ. ಆಗ ಒಂದು ಕಡ್ಡಿಯನ್ನು ಪ್ಲಸ್ ಕಂಬದ ಮೇಲೆ, ಇನ್ನೊಂದನ್ನು ಸ್ಟಾರ್ಟರಿನ ಬೋಲ್ಟಿನ ಮೇಲೆ ಇಟ್ಟು ಕೀ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ತಪ್ಪು ಆ ದಾರಿಯಲ್ಲಿದೆ. ಮೈನಸ್ ಕಂಬದಿಂದ ಇಂಜಿನ್ ಬ್ಲಾಕಿನವರೆಗೂ ಹೀಗೆಯೇ ನೋಡಿ; ಅಲ್ಲಿ 0.3 ದಾಟಬಾರದು. ದಾಟಿದರೆ ಕಡ್ಡಿಯನ್ನು ಒಂದೊಂದೇ ಜಾಯಿಂಟು ಹಿಂದಕ್ಕೆ ತರುತ್ತಾ ಹೋಗಿ: ಸೊಲೆನಾಯ್ಡಿನ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ರಿಲೇ) ಎರಡು ಬೋಲ್ಟು, ಐಸೊಲೇಟರ್ ಎಂಬ ಬ್ಯಾಟರಿಯ ಮುಖ್ಯ ಸ್ವಿಚ್ಚು, ಕ್ಲಾಂಪು. ಎಲ್ಲಿ ಮೀಟರಿನ ರೀಡಿಂಗ್ ಥಟ್ಟನೆ ಇಳಿಯುತ್ತದೋ, ಆಗಷ್ಟೇ ದಾಟಿದ ಜಾಯಿಂಟೇ ಕಳ್ಳ.

ಮೈನಸ್ ಬದಿಯನ್ನು ಮರೆಯುವವರು ಹೆಚ್ಚಾಗಿ ಕಾರಿನ ಕೆಲಸ ಕಲಿತು ಬಂದವರು. ಕಾರಿಗೆ ಬಾಡಿಯೇ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ. ಫೈಬರ್ ಬೋಟಿಗೆ ಅದಿಲ್ಲ. ಪ್ರತಿ ದೀಪಕ್ಕೂ ಪಂಪಿಗೂ ಹಿಂದಿರುಗುವ ತಂತಿ ಬೇರೆಯೇ ಇರಬೇಕು. ಗೇಜು, ದೀಪ, ಹಾರ್ನು ಒಟ್ಟಿಗೇ ಸತ್ತರೆ ಡ್ಯಾಶ್ ಹಿಂದಿನ ಮೈನಸ್ ಜಾಯಿಂಟನ್ನೂ ಬಿಚ್ಚಿ ನೋಡಿ.

ಸೆಲ್ಫ್ ದಾರಿ ಸರಿಯಿದ್ದೂ ಕೀಗೆ ಕರೆಂಟ್ ಬಾರದಿದ್ದರೆ ಇಂಜಿನ್ ಕವರಿನೊಳಗಿನ ಮುಖ್ಯ ಫ್ಯೂಸಿಗೆ ಬನ್ನಿ. ಬಹಳಷ್ಟು ಯಂತ್ರಗಳಲ್ಲಿ ಅದು 20 ಆಂಪಿಯರಿನದು. ಫ್ಯೂಸ್ ಗಟ್ಟಿಯಾಗಿದ್ದರೂ ಅದನ್ನು ಹಿಡಿದ ಹೋಲ್ಡರ್ ಹಸಿರುಗಟ್ಟಿರಬಹುದು. ಮುಂದಿನದು ಇಂಜಿನ್ನಿಂದ ಡ್ಯಾಶಿಗೆ ಬರುವ ದುಂಡನೆ ಪ್ಲಗ್. ಯಮಹಾದಲ್ಲಾದರೆ ಕೆಂಪು ಬ್ಯಾಟರಿಯದು, ಕಪ್ಪು ಅರ್ಥ್, ಹಳದಿ ಕೀ ಆನ್ ಆದಾಗ ಬರುವ ಕರೆಂಟು, ಕಂದು ಸ್ಟಾರ್ಟ್, ಬಿಳಿ ಸ್ಟಾಪ್. ಇಲ್ಲಿಯೂ ಬರಿಯ ಮೀಟರ್ ಸಾಲದು. ಕಾರಿನ ಬ್ರೇಕ್ ದೀಪದ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು ಇಟ್ಟುಕೊಳ್ಳಿ, ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಕೆಂಪು ಮತ್ತು ಕಪ್ಪಿಗೆ ಸೇರಿಸಿದಾಗ ಮಂಕಾಗಿ ಉರಿದರೆ ಮೀಟರ್ ಏನೇ ಹೇಳಲಿ, ತಂತಿ ಒಳಗೆ ಸತ್ತಿದೆ.

ಆದರೆ ಆ ಬಿಳಿ ತಂತಿಯ ಹತ್ತಿರ ಬಲ್ಬೂ ಬೇಡ, ಬ್ಯಾಟರಿಯ ಪ್ಲಸ್ಸೂ ಬೇಡ. ಹಳೆಯ ಸಿಡಿಐ ಯಂತ್ರದ ಸ್ಟಾಪ್ ತಂತಿಗೆ 12 ವೋಲ್ಟ್ ತಾಗಿದರೆ ಸಿಡಿಐ ಡಬ್ಬಿ, ಅಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ, ಸುಟ್ಟುಹೋಗುತ್ತದೆ; ಈ ಇಡೀ ಕೆಲಸದಲ್ಲಿ ಇದಕ್ಕಿಂತ ದುಬಾರಿ ತಪ್ಪಿಲ್ಲ. ಅಂಥ ಯಂತ್ರಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಬರುವುದು ಫ್ಲೈವೀಲಿನ ಕೆಳಗಿನ ಕಾಯಿಲಿನಿಂದ, ಬ್ಯಾಟರಿಯಿಂದಲ್ಲ. ಆದ್ದರಿಂದ ಬ್ಯಾಟರಿ ಸತ್ತರೂ ಓಡುತ್ತಿರುವ ಇಂಜಿನ್ ಓಡುತ್ತಲೇ ಇರುತ್ತದೆ, ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆದು ದಡ ಸೇರಲೂಬಹುದು. ಸೆಲ್ಫ್ ಚೆನ್ನಾಗಿ ತಿರುಗಿದರೂ ಇಂಜಿನ್ ಹತ್ತದಿದ್ದರೆ ಅದು ಬೇರೆ ರೋಗ. ಮೊದಲು ಕೆಂಪು ಲ್ಯಾನ್‌ಯಾರ್ಡ್ ಕ್ಲಿಪ್ಪು (ಕಿತ್ತರೆ ಇಂಜಿನ್ ನಿಲ್ಲಿಸುವ ಸುರಕ್ಷತಾ ದಾರದ ಕ್ಲಿಪ್ಪು) ಜಾಗದಲ್ಲಿದೆಯೇ ನೋಡಿ. ಕೀ ತಿರುಗಿಸಿದರೂ ಸೆಲ್ಫ್ ಸದ್ದೇ ಇಲ್ಲದೆ ಸುಮ್ಮನಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ.

ರಿಪೇರಿಯಲ್ಲಿ ಉಳಿತಾಯ ನೋಡಬೇಡಿ. ತುದಿಯ ತೊಗಲು ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಂತಿ ಸಿಗುವವರೆಗೆ ಕತ್ತರಿಸಿ, ಸಿಗದಿದ್ದರೆ ಇಡೀ ತಂತಿಯನ್ನೇ ಬದಲಿಸಿ. ತವರದ ಲೇಪವಿರುವ ಮರೈನ್ ತಂತಿ, ಒಳಬದಿಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ, ಬ್ಯಾಟರಿ ಮೇಲಿನ ರೆಕ್ಕೆ ನಟ್ಟಿನ ಬದಲು ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಬಳಸಿ. ರೆಕ್ಕೆ ನಟ್ಟು ಅಲೆಯ ಹೊಡೆತಕ್ಕೆ ಸಡಿಲವಾಗುತ್ತದೆ. ಟೇಪು ಸುತ್ತಿದ ಜಾಯಿಂಟು ಉಪ್ಪುನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಕೊನೆಗೆ ಇಂಜಿನ್ ಓಡಿಸಿ, ಸ್ವಲ್ಪ ಥ್ರಾಟಲ್ ಏರಿಸಿ ಬ್ಯಾಟರಿಯ ಮೇಲೆ ಅಳೆಯಿರಿ. ವೋಲ್ಟೇಜ್ 13.5ರಿಂದ 14.5ರೊಳಗೆ ಏರಿದರೆ ಚಾರ್ಜಿಂಗ್ ಸರಿಯಿದೆ. 12.5ರಲ್ಲೇ ನಿಂತರೆ, ಇಂಜಿನ್ನಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ರೆಕ್ಟಿಫೈಯರ್ ಪರೀಕ್ಷಿಸಿ. ಇಂಜಿನ್ ಓಡುತ್ತಿರುವಾಗ ಯಾರೋ ಐಸೊಲೇಟರ್ ಸ್ವಿಚ್ಚು ಆಫ್ ಮಾಡಿದ್ದರೂ ರೆಕ್ಟಿಫೈಯರ್ ಸುಟ್ಟಿರಬಹುದು. ಹಾಗೆ ಆಫ್ ಮಾಡಿದ್ದಿರಾ ಎಂದು ಕೇಳಿದರೆ ಬೋಟಿನವರಿಂದ ಒಪ್ಪಿಗೆಯ ಉತ್ತರ ಮಾತ್ರ ಸುಲಭಕ್ಕೆ ಸಿಗುವುದಿಲ್ಲ.