ಕವರತ್ತಿ ತೊಟ್ಟಿ: ಕೊನೆಗೂ ಸಿಹಿನೀರು ನಿಂತಿತು

ಬಂತು! ಲಕ್ಷದ್ವೀಪದ ಕವರತ್ತಿ ದ್ವೀಪದ ಮಾದರಿ ಅಂತ ಕಟ್ಟಿದ ತೊಟ್ಟಿಯಲ್ಲಿ ಮೂರು ವಾರ ಸತಾಯಿಸಿದ ಸಿಹಿನೀರು ನಿನ್ನೆ ಸಂಜೆ ಉಸುಕಿನೊಳಗೆ ಕಣ್ಣಿಗೆ ಕಾಣುವ ಹಾಗೆ ಬಂದು ಕೂತಿತು. ಮೇಲೆ ಸ್ವಲ್ಪ ಉಬ್ಬು, ಕೆಳಗೆ ದೊಡ್ಡ ಹೊಟ್ಟೆ.

ಹೊಸಬರಿಗೆ ಎರಡು ಮಾತು. ಧಾರವಾಡದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದಳು: 'ಸುತ್ತ ಸಮುದ್ರ ಇದ್ರ, ಲಕ್ಷದ್ವೀಪದಾಗ ಕುಡಿಯಾಕ ಏನ್ ಮಾಡ್ತಾರ್ರೀ?' ಅಲ್ಲಿ 36 ದ್ವೀಪಗಳಿವೆ, ಜನ ಇರುವುದು ಹತ್ತರಲ್ಲಿ. ಒಂದರಲ್ಲೂ ಹೊಳೆಯಿಲ್ಲ. ಮಳೆನೀರು ಹವಳದ ಉಸುಕಿನಲ್ಲಿ ಇಳಿದು ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಬಾವಿಗಳಿಗೆ ಅದೇ ಆಸರೆ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಷ್ಟೇ ಭಾರ. ಅದಕ್ಕೇ ಸಿಹಿನೀರು ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತರೆ ಕೆಳಗೆ ಸುಮಾರು 40 ಅಡಿ ಇಳಿದಿರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದರೆ ಸಾಲದು, ತೋರಿಸಬೇಕು ಅನ್ನಿಸಿತು.

ಅಕ್ರಿಲಿಕ್ ಹಲಗೆಯ ತೊಟ್ಟಿ ಕಟ್ಟುವುದು, ಸೋರದಂತೆ ಸಿಲಿಕಾನ್ ಅಂಟು ಹಚ್ಚುವುದು ನಿಮಗೆ ಗೊತ್ತೇ ಇದೆ. ನಡುವೆ ಉಸುಕಿನ ದಿಬ್ಬ, ಎರಡೂ ಕಡೆ ಸಮುದ್ರ: 18 ಲೀಟರ್ ನೀರಿಗೆ 630 ಗ್ರಾಂ ಹರಳುಪ್ಪು. ಪುಡಿ ಉಪ್ಪು ಹಾಕಬೇಡಿ, ನೀರು ಮಬ್ಬಾಗುತ್ತದೆ. ಮಳೆಗೆ ಕೇಸರಿ ಬಣ್ಣದ ನೀರು.

ತಕರಾರು ಶುರುವಾಗಿದ್ದು ಇಲ್ಲಿ. ಮಳೆ ಸುರಿಸಿದಷ್ಟೂ ಕೇಸರಿ ನೀರು ದಿಬ್ಬದಿಂದ ಇಳಿದು ಎರಡೂ ಸಮುದ್ರದ ಮೇಲೆ ಚಪ್ಪಟೆಯಾಗಿ ಹರಡುತ್ತಿತ್ತು. ಹೊಟ್ಟೆ ಇಲ್ಲವೇ ಇಲ್ಲ. ಮೊದಲು ಉಸುಕಿನ ಮೇಲೆ ಅನುಮಾನ. ಹೊಳೆ ಉಸುಕು ಅಂತ ದುಡ್ಡು ತಗೊಂಡವರು ಕೊಟ್ಟಿದ್ದು ಕಲ್ಲು ಅರೆದ ಎಂ ಸ್ಯಾಂಡ್ ಪುಡಿ. ಬೇರೆ ಕಡೆ ತಂದು ಹನ್ನೊಂದು ಸಲ ತೊಳೆದು ಜರಡಿ ಹಿಡಿದೆ. ಆಮೇಲೆ ಮಳೆ ಜೋರಾಯಿತೇನೋ ಅಂತ ಮೆಡಿಕಲ್ ಅಂಗಡಿಯಿಂದ ಸಲೈನ್ ಸೆಟ್ ತಂದು ಹನಿಹನಿಯಾಗಿ ಬಿಟ್ಟೆ. ಮತ್ತದೇ ಚಪ್ಪಟೆ.

ಹಾಲು ಹಾಕಲು ಬಂದ ಕಾಕಾ ಕ್ಯಾನು ಕೆಳಗಿಟ್ಟು ಒಂದು ನಿಮಿಷ ನೋಡಿದರು. 'ಅಲ್ರೀ ಅಕ್ಕಾರ, ನಿಮ್ಮ ಕೆರಿಗೆ ಕೋಡಿನ ಇಲ್ಲಲ್ರೀ!'

ಅಷ್ಟೇ. ಮಳೆ ಬಿದ್ದಷ್ಟೂ ನನ್ನ ಸಮುದ್ರವೇ ಏರುತ್ತಿತ್ತು, ಸಿಹಿನೀರು ಅದಕ್ಕಿಂತ ಮೇಲೆ ನಿಲ್ಲಲು ಆಗುತ್ತಲೇ ಇರಲಿಲ್ಲ. ನಿಜವಾದ ಸಮುದ್ರ ಒಂದು ಮಳೆಗೆ ಏರುತ್ತದೆಯೇ? ದ್ವೀಪದ ಹೆಚ್ಚಿನ ನೀರು ದಡದಲ್ಲಿ ಜಿನುಗಿ ಹೋಗಬೇಕು.

ಎರಡೂ ಕಡೆ ನೀರಿನ ಮಟ್ಟಕ್ಕೆ ಆರು ಎಂಎಂ ತೂತು ಕೊರೆದೆ. ಮೊದಲ ಹಲಗೆ ಚರ್ರೆಂದು ಸೀಳಿತು. ಅಕ್ರಿಲಿಕ್ ಅಂತ ಕೊಟ್ಟಿದ್ದು ಬೇರೇನೋ. ಇನ್ನೊಂದು ಕೂರಿಸಿ, ಮತ್ತೆ ಮಳೆ ಬಿಟ್ಟು, ತೂತಿನ ಕೆಳಗೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿದೆ. ಮೊದಲು ಬಿಳಿ ನೀರು, ಬರೀ ಉಪ್ಪು. ಸುಮಾರು ಹತ್ತು ನಿಮಿಷಕ್ಕೆ ತೆಳು ಕೇಸರಿ, ಸಪ್ಪೆ! ಬಗ್ಗಿ ನೋಡಿದರೆ ಉಸುಕಿನೊಳಗೆ ಕೇಸರಿ ಹೊಟ್ಟೆ ಇಳಿಯುತ್ತಿತ್ತು. ನನಗೆ ಕೂಗಬೇಕು ಅನ್ನಿಸಿತು, ಕೂಗಿದೆ ಕೂಡ.

ಇನ್ನು ಬಾವಿ. ನಡುವೆ ನಳಿಕೆ ಇಳಿಸಿ ಸಿರಿಂಜಿನಿಂದ ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಹುತ್ತದ ಹಾಗೆ ಮೇಲೇಳುತ್ತದೆ. ಆ ಬಾವಿ ಕೆಟ್ಟಂತೆಯೇ. ನಳಿಕೆಯನ್ನು ಅಡ್ಡ ಮಲಗಿಸಿ, ಮೇಲುಮೇಲೇ ನಿಧಾನ ಎಳೆದರೆ ಹುತ್ತ ಏಳುವುದಿಲ್ಲ. ಮಕ್ಕಳ ಕೈಗೆ ಸಿರಿಂಜು ಕೊಡಬೇಕಾದದ್ದು ಇಲ್ಲೇ. ಒಂದು ದ್ವೀಪದ ನೀರನ್ನು ಎಷ್ಟು ಎಳೆಯಬಹುದು ಅಂತ ಅವರೇ ಕಂಡುಕೊಳ್ಳಲಿ. ಸೋಮವಾರ ತೊಟ್ಟಿ ಶಾಲೆಗೆ ಹೋಗುತ್ತದೆ.

ಆಗಲೇ ಮುಂದಿನದು ತಲೆಯಲ್ಲಿ ಕೂತಿದೆ. ಕವರತ್ತಿಯಲ್ಲಿ 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಹಾಕಿತು. ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಗಾಳಿ ತೆಗೆದ ತೊಟ್ಟಿಯಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಒಲೆಯೇ ಬೇಡ! ಚಿಕ್ಕದೊಂದು ಮಾಡಲು ಗಾಳಿ ಎಳೆಯುವ ಪಂಪ್ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಮನೆಯಲ್ಲಾದರೂ ಹಳೇ ಫ್ರಿಜ್ಜಿನ ಕಂಪ್ರೆಸರ್ ಸುಮ್ನೆ ಬಿದ್ದಿದ್ದರೆ ಹೇಳಿ, ನಾನೇ ಬಂದು ಒಯ್ಯುತ್ತೇನೆ.