ಸೆಕೆಯ ಊರಿನಲ್ಲೂ ಮಗುವಿಗೆ ಚಳಿ

ಮಂಗಳೂರಿನ ಸೆಕೆಗೆ ನಾವೇ ಬೆವರಿ ನೀರಾಗುವಾಗ, ಎನ್‌ಐಸಿಯುವಿನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಬಂದ ಒಂದೂಮುಕ್ಕಾಲು ಕೆ.ಜಿ. ಮಗುವಿಗೆ ಕುಲಾಯಿ ಹಾಕಿ ಅಂದರೆ ಅಜ್ಜಿಯಂದಿರು ನಗುತ್ತಾರೆ. 'ಇಷ್ಟು ಸೆಕೆಗೆ ಪಾಪ, ಅದಕ್ಕೆ ಯಾಕೆ ಅದೆಲ್ಲ?' ಕೇಳುವುದು ನ್ಯಾಯವೇ. ಆದರೆ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನ ಚರ್ಮ ತೆಳು, ಚರ್ಮದಡಿ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಜಾಸ್ತಿ. ನಮ್ಮ ಹಾಗೆ ನಡುಗಿ ಶಾಖ ಹುಟ್ಟಿಸಲು ಅದಕ್ಕೆ ಬರುವುದಿಲ್ಲ. ಕುಡಿದ ಹಾಲಿನ ಶಕ್ತಿಯನ್ನೇ ಉರಿಸಿ ಮೈ ಬಿಸಿ ಉಳಿಸಿಕೊಳ್ಳಬೇಕು. 'ಹಾಲು ಚೆನ್ನಾಗಿ ಕುಡಿಯುತ್ತದೆ, ತೂಕ ಮಾತ್ರ ಏರುವುದಿಲ್ಲ' ಎನ್ನುವ ಮನೆಯಲ್ಲಿ ಮೊದಲು ಮುಟ್ಟಿ ನೋಡಬೇಕಾದದ್ದು ಮಗುವಿನ ಪಾದ.

ಕೈಯ ಹಿಂಬದಿಯಿಂದ ಹೊಟ್ಟೆ ಮುಟ್ಟಿ, ಆಮೇಲೆ ಪಾದ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಆಗಲೇ ಶಾಖ ಕಳೆದುಕೊಳ್ಳುತ್ತಿದೆ. ಎರಡೂ ತಣ್ಣಗಿದ್ದರೆ ತಡಮಾಡುವ ಹಾಗಿಲ್ಲ. ಡಿಜಿಟಲ್ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟು, ಬೀಪ್ ಬರುವವರೆಗೆ ತೋಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಕಡಿಮೆ ಇದ್ದರೆ ಎದೆಗೆ ಹಾಕಿಕೊಳ್ಳಿ. ಒಂದು ಗಂಟೆಯಲ್ಲಿ ಸರಿಹೋಗದಿದ್ದರೆ, ಅಥವಾ ಮೊದಲೇ 36ಕ್ಕಿಂತ ಕೆಳಗಿದ್ದರೆ, ಆಸ್ಪತ್ರೆಗೆ ಹೊರಡಿ. ಏಪ್ರಿಲ್–ಮೇಯಲ್ಲಿ ಇದರ ಉಲ್ಟಾ ಕೂಡ ಆಗುತ್ತದೆ: ಎರಡು ಕಂಬಳಿ ಸುತ್ತಿ 38 ಡಿಗ್ರಿ ಬಂತೆಂದು ಗಾಬರಿ. ಒಂದು ಪದರ ತೆಗೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ, ಅಥವಾ ಮಗು ಮಂಕಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಎದೆಗೆ ಹಾಕಿಕೊಳ್ಳುವುದು ಅಂದರೆ ಕಾಂಗರೂ ಆರೈಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ ಶುರುವಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ದಿನಕ್ಕೆ 8ರಿಂದ 24 ಗಂಟೆ. ಅಷ್ಟು ಹೊತ್ತು ಬಾಣಂತಿ ಒಬ್ಬಳಿಂದ ಆಗದು. ಅಪ್ಪ, ಅಜ್ಜಿ, ಚಿಕ್ಕಮ್ಮ ಎಲ್ಲರ ಎದೆಯೂ ನಡೆಯುತ್ತದೆ. ವಿಶೇಷ ಬೆಲ್ಟ್ ಕೊಳ್ಳಬೇಕೆಂದಿಲ್ಲ, ಹಳೆಯ ಮೆತ್ತಗಿನ ಹತ್ತಿ ಮುಂಡು ಸಾಕು. ಮಗುವಿಗೆ ಡೈಪರ್, ಕುಲಾಯಿ, ಕಾಲುಚೀಲ ಮಾತ್ರ. ಅಪ್ಪ ಅಂಗಿ ಬಿಚ್ಚಿ, ಎದೆಯ ಬೆವರನ್ನು ಬೈರಾಸಿನಲ್ಲಿ ಒರೆಸಿ, ಮಗುವನ್ನು ನೆಟ್ಟಗೆ ಎದೆಗೆ ಅಂಟಿಸಿಕೊಳ್ಳಲಿ. ಕಾಲು ಕಪ್ಪೆಯ ಹಾಗೆ ಮಡಚಿರಲಿ, ಮುಖ ಒಂದು ಪಕ್ಕಕ್ಕೆ, ಗದ್ದ ತುಸು ಮೇಲೆ. ಮುಂಡಿನ ಮೇಲಂಚು ಮಗುವಿನ ಕಿವಿಯ ಕೆಳಗೆ ಬರಬೇಕು, ಕೆಳಗಂಚು ಅಂಡನ್ನು ಹೊರಬೇಕು. ಆಗುವ ತಪ್ಪು ಹೆಚ್ಚಾಗಿ ಇಲ್ಲೇ: ಕಟ್ಟು ಸಡಿಲವಾದರೆ ಮಗು ಜಾರಿ, ಗದ್ದ ಎದೆಗೆ ಮಡಚಿ, ಉಸಿರಿನ ದಾರಿ ಕಟ್ಟುತ್ತದೆ. ಮೂಗು, ಬಾಯಿ, ತುಟಿಯ ಬಣ್ಣ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ದಿಂಬಿಗೆ ಒರಗಿ ಕೂರಿ, ಚಪ್ಪಟೆ ಮಲಗಬೇಡಿ. ಒಮ್ಮೆ ಹಾಕಿದರೆ ಗಂಟೆಯಾದರೂ ಬಿಡಿ. ಪದೇ ಪದೇ ಎತ್ತಿ ಇಳಿಸಿದರೆ ಮಗುವಿಗೆ ದಣಿವೇ ಹೊರತು ಲಾಭ ಇಲ್ಲ. ಎರಡೂವರೆ ಕೆ.ಜಿ. ಹತ್ತಿರ ಬಂದಾಗ ಅದೇ ಒದ್ದು ಕೈಕಾಲು ಹೊರಗೆ ಹಾಕುತ್ತದೆ. ಸಾಕು ಎಂದು ಅದರ ಭಾಷೆಯಲ್ಲಿ ಹೇಳಿದ ಹಾಗೆ.

ಶಾಖ ಹೋಗುವ ಇನ್ನೊಂದು ದಾರಿ ಒದ್ದೆ. ಮಳೆಗಾಲದಲ್ಲಿ ಬಟ್ಟೆ ಮೂರು ದಿನವಾದರೂ ಒಣಗದ ಊರು ನಮ್ಮದು. ಕೈಗೆ ಒಣಗಿದಂತೆ ಕಾಣುವ ಬಟ್ಟೆಯ ಹೊಲಿಗೆಯಲ್ಲಿ ತೇವ ಉಳಿದಿರುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇಸ್ತ್ರಿ ಹಾಕಿ. ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಯ ಹೊಗೆ ವಾಸನೆ, ಕೆಂಡದ ಧೂಪ, ಎರಡೂ ಈ ಶ್ವಾಸಕೋಶಕ್ಕೆ ಬೇಡ.

ಮೀಯಿಸುವ ವಿಷಯದಲ್ಲಿ ಮನೆಮನೆಯಲ್ಲೂ ಜಗಳ. ತೂಕ 2–2.5 ಕೆ.ಜಿ. ದಾಟಿ ವೈದ್ಯರು ಸರಿ ಅನ್ನುವವರೆಗೆ ಒರೆಸಿದರೆ ಸಾಕು: ಉಗುರುಬೆಚ್ಚಗಿನ ನೀರು, ಫ್ಯಾನ್ ಬಂದ್, ಒಂದೊಂದೇ ಭಾಗ ತೆರೆದು ಒರೆಸಿ ಕೂಡಲೇ ಮುಚ್ಚುವುದು. ತೆಂಗಿನೆಣ್ಣೆಗೆ ಅಡ್ಡಿಯಿಲ್ಲ, ತೆಳುವಾಗಿ ಸವರಿದರೆ ಒಳ್ಳೆಯದೇ. ಮೂಗಿಗೆ, ಕಿವಿಗೆ ಬಿಡುವುದು ಮಾತ್ರ ಖಂಡಿತ ಬೇಡ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತೇಯ್ದ ಬಜೆ, ಜೇನು ನೆಕ್ಕಿಸುವುದೂ ಬೇಡ.

ಹಾಲಿನ ಲೆಕ್ಕ ಹೀಗೆ: ಪೂರ್ತಿ ಪ್ರಮಾಣಕ್ಕೆ ಬಂದ ಮಗುವಿಗೆ ದಿನಕ್ಕೆ ಕೆ.ಜಿ.ಗೆ ಸುಮಾರು 160 ಮಿ.ಲೀ. ಅಂದರೆ 1.8 ಕೆ.ಜಿ.ಗೆ 288 ಮಿ.ಲೀ., ಎರಡು ಗಂಟೆಗೊಮ್ಮೆಯಾದರೆ ಸಲಕ್ಕೆ 24. ನಿಮ್ಮ ಮಗುವಿನ ಅಳತೆ ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ, ಅದನ್ನೇ ಹಿಡಿಯಿರಿ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಹೊಂದುವುದು ಗರ್ಭದ ಲೆಕ್ಕದಲ್ಲಿ 34 ವಾರದ ಹೊತ್ತಿಗೆ, ಅಲ್ಲಿಯವರೆಗೆ ನಳಿಕೆ ಅಥವಾ ಒಳಲೆ (ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು). ಒಳಲೆಯ ಮೂತಿ ಬಾಯಿಯ ಮೂಲೆಗೆ ಇಟ್ಟು, ಕೆಲವು ಹನಿ ಬಿಟ್ಟು, ನುಂಗುವವರೆಗೆ ಕಾಯಿರಿ. ಸುರಿಯಬೇಡಿ. ಅರ್ಧ ಗಂಟೆಯಾದರೂ ಮುಗಿಯದಿದ್ದರೆ ಮಗು ದಣಿದಿದೆ ಎಂದರ್ಥ.

ವಿಟಮಿನ್ ಡಿ ಹನಿಯಲ್ಲಿ ಒಂದು ಎಡವಟ್ಟು ಇದೆ. ಅಂಗಡಿಯಲ್ಲಿ ಒಂದು ಮಿ.ಲೀ.ಗೆ 400 ಯೂನಿಟ್‌ನದೂ ಸಿಗುತ್ತದೆ, 800ರದೂ ಸಿಗುತ್ತದೆ. ಬಾಟಲಿ ಬದಲಾದರೆ ಅಳತೆಯೂ ಬದಲಾಗಬೇಕು. ಲೇಬಲ್ ಓದದೆ ಹಾಕಬೇಡಿ.

ಅಮ್ಮನಿಗೆ ಹಾಲು ಬರಬೇಕಾದರೆ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಹಿಂಡಬೇಕು. ಬಾಣಂತಿ ಎಂದು ನೀರು ಕಡಿಮೆ ಕೊಡುವುದು, 'ತೂಕ ಎಷ್ಟಾಯಿತು?' ಎಂದು ದಿನವೂ ಕೇಳುವುದು, ಎರಡೂ ಅವಳಿಗೆ ಹಿಂಸೆ. ಬಂದವರು ಮಗುವನ್ನು ನೋಡುವ ಬದಲು ಬಟ್ಟೆ ಇಸ್ತ್ರಿ ಮಾಡಿಕೊಟ್ಟರೆ ಅದು ಉಪಕಾರ.

ಕಣ್ಣಿನ ಪರೀಕ್ಷೆಯಲ್ಲಿ ಮಾತ್ರ ಪದ್ಧತಿಗೆ ತಲೆಬಾಗಬೇಡಿ. 34 ವಾರಕ್ಕೂ ಮೊದಲು ಹುಟ್ಟಿದ, ಅಥವಾ ಹುಟ್ಟುವಾಗ 2 ಕೆ.ಜಿ.ಗೂ ಕಡಿಮೆ ಇದ್ದ ಮಗುವಿನ ಅಕ್ಷಿಪಟಲವನ್ನು (ಕಣ್ಣಿನ ಒಳಗೆ ಹಿಂಬದಿಯ ಪದರ, ರೆಟಿನಾ) 30 ದಿನ ತುಂಬುವುದರೊಳಗೆ ನೋಡಬೇಕು. 28 ವಾರಕ್ಕೂ ಮೊದಲೇ ಹುಟ್ಟಿದ, ಅಥವಾ 1,200 ಗ್ರಾಂಗೂ ಕಡಿಮೆ ಇದ್ದ ಮಗುವಿಗೆ ಎರಡು-ಮೂರು ವಾರಕ್ಕೇ. ನಮ್ಮಲ್ಲಿ ಬಾಣಂತಿ 40 ದಿನ ಹೊಸ್ತಿಲು ದಾಟುವುದಿಲ್ಲ, ಅಷ್ಟರಲ್ಲಿ ಈ ಗಡುವು ಮೀರಿರುತ್ತದೆ. ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲ ಎಳೆದುಕೊಂಡರೆ ದೃಷ್ಟಿ ಮರಳಿ ಬಾರದು, ಸಕಾಲದಲ್ಲಿ ಕಂಡರೆ ಲೇಸರ್‌ನಲ್ಲಿ ತಡೆಯಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಅದೇ ಮೋಸ. ಬೈಂದೂರಿನಿಂದ ಮಣಿಪಾಲಕ್ಕೆ ಗಂಟೆಗೂ ಮೀರಿದ ದಾರಿ. ಮಗುವನ್ನು ಎದೆಗೆ ಕಟ್ಟಿಕೊಂಡು, ಮೇಲೊಂದು ಶಾಲು ಹೊದ್ದು, ಹಿಂಡಿದ ಹಾಲು ಮತ್ತು ಕುದಿಸಿದ ಒಳಲೆ ಮುಚ್ಚಳದ ಡಬ್ಬದಲ್ಲಿಟ್ಟುಕೊಂಡು ಬೆಳಿಗ್ಗೆ ಬೇಗ ಹೊರಡಿ. ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿ ಕಾಯಬೇಕಾಗುತ್ತದೆ, ಕಾಯುವಷ್ಟು ಹೊತ್ತೂ ಮಗು ಎದೆಯ ಮೇಲೇ ಇರಲಿ. ಪರೀಕ್ಷೆಯ ಕೋಣೆಯಲ್ಲಿ ಏಸಿ ಇರುತ್ತದೆ, ಕುಲಾಯಿ ತೆಗೆಯಬೇಡಿ.